ಎರೆಮಣ್ಣಿಗೆ ಹತ್ತಿದ ಹಳದಿ

ಎಂಟು ತಿಂಗಳ ಫೆಲೋಶಿಪ್ ಬಾಕಿ ಒಮ್ಮೆಲೇ ಖಾತೆಗೆ ಬಿದ್ದ ದಿನ ನಾನು ಮಾಡಿದ ಮೊದಲ ಕೆಲಸ ಗೆಳತಿಯರ ಸಾಲ ತೀರಿಸಿದ್ದು, ಎರಡನೆಯದು ಲ್ಯಾಪ್‌ಟಾಪ್ ಕೊಂಡಿದ್ದು. ಹಳೆಯದಕ್ಕೆ ಆರು ವರ್ಷ. ಎಂಎಸ್ಸಿ ಸೇರುವಾಗ ಅಪ್ಪ ಹತ್ತಿ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದು. ಕೀಲು ಸಡಿಲಾಗಿ, ಹಿಂದೆ ದಪ್ಪನೆಯ ಪುಸ್ತಕವೊಂದನ್ನು ಒತ್ತುಕೊಟ್ಟರೆ ಮಾತ್ರ ಅದರ ಸ್ಕ್ರೀನ್ ನೆಟ್ಟಗೆ ನಿಲ್ಲುತ್ತಿತ್ತು.

ಹೊಸದನ್ನು ಹಾಸ್ಟೆಲ್ ರೂಮಿನಲ್ಲಿ ಬಿಚ್ಚಿ, ಥೀಸಿಸ್‌ನ ಕಡತ ತೆರೆದೆ. ಬಿಳಿ ಹಾಳೆ ಬಿಳಿಯಾಗಿರಲಿಲ್ಲ. ಹಳೇ ಪಂಚಾಂಗದ ಪುಟದ ಹಾಗೆ ಹಳದಿ ತಿರುಗಿತ್ತು. ಫೋಟೋಗಳನ್ನು ತೆರೆದರೆ ಇನ್ನೂ ಕಷ್ಟ. ನಮ್ಮ ಹೊಲದ ಎರೆಮಣ್ಣು, ಯಾರೋ ಅರಿಶಿನ ಕಲಸಿಟ್ಟಂತೆ ಕಾಣುತ್ತಿತ್ತು. ಐವತ್ತೆಂಟು ಸಾವಿರ ಕೊಟ್ಟು ತಂದ ವಸ್ತು ಮೊದಲ ದಿನವೇ ಹೀಗೆ ಕಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಬಣ್ಣದ ವಿಷಯದಲ್ಲಿ ನಾನು ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ನನ್ನ ಸಂಶೋಧನೆ ಮಣ್ಣಿನ ಮೇಲೆ. ಧಾರವಾಡದಿಂದ ಪಶ್ಚಿಮಕ್ಕೆ ಹೋದರೆ ಕೆಂಪು ನೆಲ, ಪೂರ್ವಕ್ಕೆ ನವಲಗುಂದದ ಕಡೆ ಹೋದರೆ ಎರೆ. ನಡುವಿನ ಸೀಮೆಯಲ್ಲಿ ಎರಡೂ ಒಂದರೊಳಗೊಂದು ಹೊಕ್ಕಿರುತ್ತವೆ. ಅಲ್ಲಿ 18 ಕಡೆ ಆಳುದ್ದದ ಗುಂಡಿ ತೋಡಿಸಿ, ಪದರ ಪದರವಾಗಿ ಮಣ್ಣು ನೋಡಿ ಬರೆದುಕೊಂಡಿದ್ದೇನೆ. ಊರಿನವರಿಗೆ 'ಎರಿ ಹೊಲ', 'ಮಸಾರಿ ಹೊಲ' ಎಂದರೆ ಸಾಕು, ಎಲ್ಲ ತಿಳಿಯುತ್ತದೆ. ಥೀಸಿಸ್‌ಗೆ ಸಾಲದು. ಅಲ್ಲಿ ಮನ್ಸೆಲ್ ಪುಸ್ತಕ ಬೇಕು.

ಆಲ್ಬರ್ಟ್ ಮನ್ಸೆಲ್ ಮಣ್ಣಿನ ವಿಜ್ಞಾನಿಯಲ್ಲ, ಬೋಸ್ಟನ್ನಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮೇಷ್ಟ್ರು. ಬಣ್ಣಗಳಿಗೆ ಬಾಯಿಗೆ ಬಂದ ಹೆಸರಿಡುವುದು ಸಾಕಾಗಿ, 1905ರಲ್ಲಿ ತನ್ನದೇ ಒಂದು ಲೆಕ್ಕವನ್ನು ಪುಸ್ತಕವಾಗಿ ತಂದ. ಯಾವ ಬಣ್ಣ, ಎಷ್ಟು ತಿಳಿ, ಎಷ್ಟು ಗಾಢ ಎಂಬ ಮೂರು ಅಳತೆಗಳು. ಮುಂದೆ ಮಣ್ಣಿನವರು ಅದನ್ನು ತಮ್ಮದಾಗಿಸಿಕೊಂಡರು. ನಾವು ಒಂದು ಹೆಂಟೆ ಮುರಿದು, ನೀರು ಚಿಮುಕಿಸಿ, ಬಿಸಿಲಿಗೆ ಬೆನ್ನು ಮಾಡಿ ನಿಂತು, ಚಾರ್ಟಿನ ತೂತಿನ ಹಿಂದೆ ಅದನ್ನು ಹಿಡಿಯುತ್ತೇವೆ. ಯಾವ ಬಣ್ಣದ ತುಣುಕಿಗೆ ಹೊಂದಿತೋ ಅದರ ಸಂಖ್ಯೆ ಬರೆದುಕೊಳ್ಳುತ್ತೇವೆ. ಎರೆಗೆ 10 ವೈಆರ್ 3/1ರ ಆಸುಪಾಸು, ಕೆಂಪಿಗೆ 2.5 ವೈಆರ್ ಅಥವಾ 5 ವೈಆರ್. ಪುಸ್ತಕದ ಒಂದು ಪುಟ ಆಚೀಚೆಯಾದರೆ ಅರ್ಥವೇ ಬೇರೆಯಾಗುತ್ತದೆ. ಮಣ್ಣಿನ ಕೆಂಪು ಹೆಮಟೈಟ್‌ನದು, ಹಳದಿ ಗೀಥೈಟ್‌ನದು. ಎರಡೂ ಕಬ್ಬಿಣವೇ, ಆದರೆ ಆ ಮಣ್ಣು ಎಷ್ಟು ನೀರು, ಎಷ್ಟು ಬಿಸಿ ಕಂಡಿದೆ ಎಂಬ ಕಥೆ ಬೇರೆ ಬೇರೆ. ಇಲ್ಲದ ಹಳದಿಯನ್ನು ತೋರಿಸಿದರೆ ಇಲ್ಲದ ಕಥೆ ಹೇಳಿದಂತೆ.

ಸರಿ, ಸ್ಕ್ರೀನ್ ರಿಪೇರಿಗೆ ಕೂತೆ. ಮೊದಲು ವಿಂಡೋಸ್‌ನ ನೈಟ್ ಲೈಟ್ ನೋಡಿದೆ, ಆಫ್ ಆಗಿಯೇ ಇತ್ತು. ಆಮೇಲೆ ಕಂಪನಿಯವರೇ ತುಂಬಿ ಕಳಿಸಿದ ಹತ್ತಾರು ಆ್ಯಪ್‌ಗಳ ನಡುವೆ ಕಣ್ಣಿಗೆ ತಂಪು ಕೊಡುವ ಮೋಡ್ ಒಂದು ಸಿಕ್ಕಿತು. ಕೇಳದೆಯೇ ಆನ್ ಮಾಡಿಟ್ಟಿದ್ದರು. ಆಫ್ ಮಾಡಿದೆ. ಅರ್ಧ ಹಳದಿ ಇಳಿಯಿತು, ಉಳಿದರ್ಧ ಜಪ್ಪಯ್ಯ ಎನ್ನಲಿಲ್ಲ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೆ. ಬಣ್ಣದ ಪ್ರೊಫೈಲ್ ತೆಗೆದು ಇನ್ನೊಂದು ಹಾಕಿದೆ. ಇಲ್ಲ. ಕೊನೆಗೆ ವಿಂಡೋಸ್‌ನೊಳಗೇ ಇರುವ ಬಣ್ಣ ಹೊಂದಿಸುವ ಸಾಧನ ತೆರೆದೆ. ಅದರಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಪಟ್ಟಿ ಬರುತ್ತದೆ, ಎಳೆದು ಕಡಿಮೆ ಮಾಡಬಹುದು. ಹಳೆಯ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟುಕೊಂಡು, ಎರಡರಲ್ಲೂ ಒಂದೇ ಫೋಟೋ ತೆರೆದು, ಕೆಂಪು ಹಸಿರುಗಳನ್ನು ಕೂದಲೆಳೆಯಷ್ಟೇ ಇಳಿಸುತ್ತಾ ಬಂದೆ. ರಾತ್ರಿ ಎರಡರ ಹೊತ್ತಿಗೆ ಎರಡೂ ಅವಳಿ ಜವಳಿಯಂತಾದವು. ಎರೆ ಎರೆಯಾಯಿತು. ಸಮಾಧಾನದಿಂದ ಮಲಗಿದೆ.

ಮುಂದಿನ ವಾರ ವಿಭಾಗದ ಸೆಮಿನಾರಿಗೆ ಒಂದಷ್ಟು ಫೋಟೋ ಪ್ರಿಂಟ್ ಬೇಕಿತ್ತು. ಧಾರವಾಡದ ಒಂದು ಸ್ಟುಡಿಯೋಕ್ಕೆ ಪೆನ್‌ಡ್ರೈವ್ ಕೊಟ್ಟು ಬಂದೆ. ಸಂಜೆ ಹೋಗಿ ನೋಡಿದರೆ 12 ಪ್ರಿಂಟುಗಳೂ ಕಾವಿ ಬಳಿದಂತಿವೆ. ನನ್ನ ಸಿಟ್ಟು ನೆತ್ತಿಗೇರಿತು. ಮಷಿನ್ ಕೆಟ್ಟಿದೆ, ಮತ್ತೆ ಹಾಕಿಕೊಡಿ ಎಂದೆ. ಆತ ಶಾಂತವಾಗಿ, "ಮಷಿನ್ ಸರಿ ಐತ್ರಿ ಮೇಡಂ, ನಿಮ್ಮ ಫೋಟೋದಾಗs ಹಳದಿ ಐತಿ" ಎಂದ. ಇಲ್ಲ ಎಂದು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಆತ ಎರಡು ಕ್ಷಣ ನೋಡಿ, ಒಳಗಿನಿಂದ ಮೌಸ್‌ನಷ್ಟು ದೊಡ್ಡ ಕರಿ ಸಾಮಾನೊಂದನ್ನು ತಂದು ನನ್ನ ಸ್ಕ್ರೀನಿಗೆ ನೇತುಹಾಕಿದ. ಅದು ಕಲರಿಮೀಟರ್. ಸ್ಕ್ರೀನಿನ ಮೇಲೆ ಒಂದಾದ ಮೇಲೊಂದು ಬಣ್ಣ ಮೂಡುತ್ತದೆ, ಅದು ಅಳೆಯುತ್ತದೆ. "ಮದುವಿ ಆಲ್ಬಮ್‌ದಾಗ ಸೀರಿ ಬಣ್ಣ ತಪ್ಪಿದ್ರ ಬೀಗರು ಬಿಡಂಗಿಲ್ರಿ. ಅದಕ್ಕs ಇಟ್ಟೀನಿ" ಎಂದು ವಿವರಣೆ ಕೊಟ್ಟ.

ನನ್ನ ಸ್ಕ್ರೀನಿನ ಬಿಳಿ 7,600 ಕೆಲ್ವಿನ್ ಎಂದು ಬಂತು. ಇರಬೇಕಾದದ್ದು 6,500, ಅಂದರೆ ಹೆಚ್ಚುಕಡಿಮೆ ನಡುಹಗಲಿನ ಬೆಳಕು. ಕುಲುಮೆಯ ಕಬ್ಬಿಣ ನೆನಪಿಸಿಕೊಳ್ಳಿ: ಕಾದಂತೆ ಕೆಂಪು, ಹಳದಿ, ಬಿಳಿ. ಇನ್ನೂ ಕಾಯಿಸಲು ಸಾಧ್ಯವಾದರೆ ನೀಲಿ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯ ಕಡೆ ವಾಲುತ್ತದೆ. ಅಂದರೆ ನನ್ನ ಸ್ಕ್ರೀನ್ ಈಗ ನೀಲಿ. ಆ ರಾತ್ರಿ ನಾನು ಎಳೆದಿದ್ದನ್ನೆಲ್ಲ ತೆಗೆದುಹಾಕಿ ಮತ್ತೆ ಅಳೆದ. 6,700. ಆಪ್ ಆಫ್ ಮಾಡಿದ ಕ್ಷಣದಿಂದ ಹೊಸ ಸ್ಕ್ರೀನ್ ಬಹುತೇಕ ಸರಿಯಾಗಿಯೇ ಇತ್ತು.

ಮರುದಿನ ಹಳೆಯದನ್ನು ಹೊತ್ತುಕೊಂಡು ಹೋದೆ. ಅದು 7,900.

ಆರು ವರ್ಷ ನಾನು ನೀಲಿಯನ್ನೇ ಬಿಳಿ ಎಂದು ನೋಡಿದ್ದೆ. ಕಣ್ಣಿನ ಸ್ವಭಾವವೇ ಅದು. ಎದುರಿಗಿರುವ ಅತ್ಯಂತ ಬೆಳ್ಳಗಿನದನ್ನು ಬಿಳಿ ಎಂದು ಒಪ್ಪಿಕೊಂಡು, ಉಳಿದ ಬಣ್ಣಗಳನ್ನು ಅದರಿಂದ ಅಳೆಯುತ್ತದೆ. ಬಲ್ಬಿನ ಬೆಳಕಿನಲ್ಲೂ ಬಿಸಿಲಿನಲ್ಲೂ ಅನ್ನ ನಮಗೆ ಬೆಳ್ಳಗೇ ಕಾಣುವುದು ಈ ಉಪಕಾರದಿಂದ. ಪಕ್ಕದಲ್ಲಿ ಇನ್ನೊಂದು ಬಿಳಿ ಬಂದು ಕೂರುವವರೆಗೆ ಗೊತ್ತಾಗುವುದಿಲ್ಲ. ಬಂದಾಗಲೂ ನಾನು ಬೈದಿದ್ದು ಹೊಸದನ್ನೇ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಹೊಲದಲ್ಲಿ ಬರೆದುಕೊಂಡ ಮನ್ಸೆಲ್ ಸಂಖ್ಯೆಗಳಿಗೆ ಏನೂ ಆಗಿರಲಿಲ್ಲ, ಅವು ಬಿಸಿಲಿನಲ್ಲಿ ಓದಿದವು. ಆದರೆ ಫೋಟೋಗಳು? ಒಂದೊಂದು ಗುಂಡಿಯ ಫೋಟೋವನ್ನೂ, ಅದೇ ಗುಂಡಿಯ ಹೆಂಟೆಯನ್ನು ಡಬ್ಬಿಯಲ್ಲಿ ಮೇಜಿನ ಮೇಲಿಟ್ಟುಕೊಂಡು, ಎರಡೂ ಹೊಂದುವವರೆಗೆ ತಿದ್ದಿದ್ದೆ. ಬಹಳ ಪ್ರಾಮಾಣಿಕ ಕೆಲಸ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ನೀಲಿ ಸ್ಕ್ರೀನಿನಲ್ಲಿ ಹೊಂದಿಸಲು ಪ್ರತಿ ಸಲವೂ ಒಂದಿಷ್ಟು ಹಳದಿ ಸುರಿಯಬೇಕಾಗಿತ್ತು. ಸುರಿದಿದ್ದೆ. ಅಷ್ಟೇ ಆಗಿದ್ದರೆ ಚಿತ್ರಗಳನ್ನು ಬದಲಾಯಿಸಿದರಾಯಿತು. ನಾಲ್ಕನೇ ಅಧ್ಯಾಯ ಇಡೀ ಈ ಫೋಟೋಗಳ ಮೇಲೆ ನಿಂತಿತ್ತು. ದುಬಾರಿ ಮನ್ಸೆಲ್ ಪುಸ್ತಕವಿಲ್ಲದವರು ಫೋನ್ ಫೋಟೋದಿಂದಲೇ ಮಣ್ಣಿನ ಬಣ್ಣ ಹೇಳಬಹುದೇ ಎಂಬುದು ಅದರ ಪ್ರಶ್ನೆ. ಹೇಳಬಹುದು ಎಂದು ಬರೆದಿದ್ದೆ. ಹೊಂದಾಣಿಕೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಆ ಗ್ರಾಫ್ ನೋಡಿ ನಾನೇ ಖುಷಿಪಟ್ಟಿದ್ದೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದೂ ನಿಜ. ಹಾಗೆ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಮೌಲ್ಯಮಾಪಕರ ಸ್ಕ್ರೀನ್ ಇನ್ಯಾವ ಬಣ್ಣದ್ದೋ! ನಾಲ್ಕನೆಯ ದಿನ ಗೈಡ್ ಮೇಡಂ ಮುಂದೆ ಹೋಗಿ ಕೂತೆ. ಕೆಲ್ವಿನ್, ಕಲರಿಮೀಟರ್, ನೀಲಿ, ಹಳದಿ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ಸ್ಕ್ರೀನ್ ವಿಷಯ ಇರಲಿ. ಹೆಂಟೆ ನೋಡಿ ಫೋಟೋ ತಿದ್ದಿದ್ದೀ. ಆಮೇಲೆ ಫೋಟೋ ಹೆಂಟೆಗೆ ಹೊಂದುತ್ತದೆ ಅಂತ ಬರೆದಿದ್ದೀ. ಅಲ್ವಾ?"

ನನಗೆ ಮಾತು ಹೊರಡಲಿಲ್ಲ. ಸ್ಕ್ರೀನ್ ನೂರಕ್ಕೆ ನೂರು ಸರಿ ಇದ್ದಿದ್ದರೂ ಆ ಅಧ್ಯಾಯ ನಿಲ್ಲುತ್ತಿರಲಿಲ್ಲ. ಇಷ್ಟು ಸರಳ ಸಂಗತಿ ಎರಡು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಕರಡು ಓದಿದಾಗ ಅವರಿಗೂ ಹೊಳೆದಿರಲಿಲ್ಲ. ಅದನ್ನು ಅವರೇ ಹೇಳಿದರು, ಆ ಮಟ್ಟಿಗೆ ನನ್ನ ಪುಣ್ಯ.

ಈಗ ಲೆಕ್ಕ ಹೀಗಿದೆ. 11 ಗುಂಡಿಗಳ ಮೂಲ ಫೋಟೋಗಳು ಹಾಗೇ ಇವೆ, ಚೌಕಟ್ಟಿನೊಳಗೆ ಮನ್ಸೆಲ್ ಪುಟವೂ ಇದೆ. ಆ ಪುಟದ ಬಣ್ಣ ಗೊತ್ತಿರುವುದರಿಂದ, ಕಣ್ಣಿನ ಹಂಗಿಲ್ಲದೆ ಫೋಟೋ ಸರಿಪಡಿಸಬಹುದು. ಮೊದಲ ವರ್ಷದ ಏಳರಲ್ಲಿ ಪುಟ ಇಟ್ಟಿರಲಿಲ್ಲ. ಜಾಗ ಉಳಿಸಲೆಂದು ಮೂಲ ಫೋಟೋಗಳ ಮೇಲೆಯೇ ತಿದ್ದಿದ್ದನ್ನು ಸೇವ್ ಮಾಡಿಬಿಟ್ಟಿದ್ದೆ. ಮಣ್ಣಿನ ಮಾದರಿಗಳು ಲ್ಯಾಬಿನಲ್ಲಿವೆ, ಆದರೆ ಕುಟ್ಟಿ ಜರಡಿ ಹಿಡಿದ ಮಣ್ಣಿನಿಂದ ಗುಂಡಿಯ ಗೋಡೆ ಮರಳಿ ಬರುವುದಿಲ್ಲ. ಏಳನ್ನೂ ಮತ್ತೆ ತೋಡಬೇಕು. ಅದರಲ್ಲಿ ಒಂದು ನಮ್ಮದೇ ಹೊಲದ್ದು.

ಅಪ್ಪನಿಗೆ ಫೋನ್ ಮಾಡಿದೆ. ಕೆಟ್ಟ ಪ್ರಿಂಟನ್ನು ಅವನಿಗೆ ಮೊದಲೇ ಕಳಿಸಿದ್ದೆ. "ಅದನ್ನ ನೋಡಿ ನಿಮ್ಮವ್ವಗ ಅಂದೆ, ಇದು ನಮ್ಮ ಎರಿ ಅಲ್ಲ, ಯಾರದೋ ಮಸಾರಿ ಅಂತ" ಎಂದ. ಆಗಲೇ ಯಾಕೆ ನನಗೆ ಹೇಳಲಿಲ್ಲ ಎಂದರೆ, "ನೀ ಕಲತಾಕಿ, ನಾ ಏನ್ ಹೇಳ್ಲೆವಾ" ಎಂದ. ಆಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಈಗ ಕಡ್ಲಿ ಐತಿ. ಕಿತ್ತ ಮ್ಯಾಲ ಬಾ. ಹೋದ ಸಲ ಗುಂಡಿ ಮುಚ್ಚಾಕ ಎರಡ ಆಳ ನಾ ಹಚ್ಚಿದ್ದೆ. ಈ ಸಲ ಕೂಲಿ ನೀನs ಕೊಡ್ಬೇಕ ನೋಡು."