ನೋಯದ ಕಾಯಿಲೆ

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರದು ಒಣಕಲು ಮೈ. ಮೊಟ್ಟೆ ಮುಟ್ಟಿದವರಲ್ಲ, ಬೆಳಗಿನ ವಾಕಿಂಗ್ ತಪ್ಪಿಸಿದವರಲ್ಲ. ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 178 ಎಂದು ಬಂದಾಗ ನಂಬಲೇ ಇಲ್ಲ. ‘ಲ್ಯಾಬಿನವರು ಚೀಟಿ ಅದಲುಬದಲು ಮಾಡಿರಬೇಕು’ ಎಂದರು.

ಡಾಕ್ಟರು ನಕ್ಕರು. ‘ಮೇಷ್ಟ್ರೇ, ಇದು ತಟ್ಟೆಯಿಂದ ಬರುವುದು ಕಡಿಮೆ. ಹೆಚ್ಚಿನ ಪಾಲನ್ನು ಲಿವರೇ ತಯಾರಿಸುತ್ತದೆ. ತುಪ್ಪ, ವನಸ್ಪತಿ ಅತಿಯಾದರೆ ಅದನ್ನು ರಕ್ತದಿಂದ ತೆಗೆಯುವ ಕೆಲಸವೂ ನಿಧಾನವಾಗುತ್ತದೆ. ಉಳಿದದ್ದು ರಕ್ತನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂರುತ್ತದೆ. ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿತ್ತೆ?’

ಮೇಷ್ಟ್ರು ಸುಮ್ಮನಾದರು. ಒಡಹುಟ್ಟಿದ ತಮ್ಮ 48ಕ್ಕೇ ಹೋಗಿದ್ದ.

ಮೂರು ತಿಂಗಳು ಮಾತ್ರೆ ನುಂಗಿ, ತುಪ್ಪ ಇಳಿಸಿದ ಮೇಲೆ 92ಕ್ಕೆ ಬಂತು. ‘ವಾಸಿಯಾಯಿತು’ ಎಂದು ಮೇಷ್ಟ್ರು ಯಾರನ್ನೂ ಕೇಳದೆ ಮಾತ್ರೆ ಬಿಟ್ಟರು. ನೋವಿಲ್ಲ, ಜ್ವರವಿಲ್ಲ, ನೆನಪಿಸುವವರಾದರೂ ಯಾರು? ಮರುವರ್ಷ ನೋಡಿದರೆ ಮತ್ತೆ 170!

‘ನೀವು ನೆನೆಯದೆ ಉಳಿದದ್ದು ಕೊಡೆಯಿಂದ. ಮಳೆಯೇನೂ ನಿಂತಿರಲಿಲ್ಲ’ ಎಂದರು ಡಾಕ್ಟರು.

ಈಗ ರಾತ್ರಿ ಊಟವಾದೊಡನೆ ಅವರ ಹೆಂಡತಿ, ‘ರೀ, ಕೊಡೆ ಮರೆತಿರಿ’ ಎಂದು ಮಾತ್ರೆ, ನೀರು ಮುಂದಿಡುತ್ತಾರೆ. ಗೋಡೆಯ ಮೇಲಿನ ತಮ್ಮನ ಫೋಟೊ ಕಡೆ ಒಮ್ಮೆ ನೋಡಿ, ಮೇಷ್ಟ್ರು ಮರುಮಾತಾಡದೆ ನುಂಗುತ್ತಾರೆ.