ತ್ರಿಪದಿಗೆ ಮೂರು ವರ್ಷ

15 ಜೂನ್ 2025, ಭಾನುವಾರ, ಧಾರವಾಡ

ಬೆಳಗಿನಿಂದ ಜಿಟಿಜಿಟಿ ಮಳೆ. ಪ್ರಬಂಧಕ್ಕೆಂದು ಮಾಡಿಕೊಂಡಿದ್ದ ಟಿಪ್ಪಣಿಗಳ ಗಂಟು ಬಿಚ್ಚಿ ಕೂತೆ. ತ್ರಿಪದಿಯ ಮೇಲಿನ ನನ್ನ ಪಿಎಚ್.ಡಿ. ಶಾಸನದಿಂದ ಹೊರಟು ಸರ್ವಜ್ಞನವರೆಗೆ ಬಂದು ನಿಂತಿತ್ತು. ಅಲ್ಲಿಗೆ ನಿಲ್ಲಿಸದಿದ್ದರೆ ಮುಗಿಯುವುದಿಲ್ಲ ಎಂದು ಮಾರ್ಗದರ್ಶಕರು ಹೇಳಿದ್ದರು. ಸರಿಯಾದ ಮಾತು. ಆದರೆ ಅಂದು ಬದಿಗಿಟ್ಟ ಪ್ರಶ್ನೆ ಇಂದೂ ಎದುರಿಗೇ ಇದೆ: ಹಾಡುವವರ ಬಾಯಲ್ಲಿ ತ್ರಿಪದಿ ಯಾವ ನಿಯಮಕ್ಕೆ ಒಳಪಡುತ್ತದೆ?

ಲಕ್ಷಣವನ್ನು ಎಲ್ಲರೂ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಮೂರು ಸಾಲು, ಹನ್ನೊಂದು ಗಣ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಅಂಶಗಣವಾದ್ದರಿಂದ ಒಂದೇ ಗಣ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಸರ್ವಜ್ಞನ ಹೊತ್ತಿಗೆ ಈ ಸಡಿಲ ಬಹುಮಟ್ಟಿಗೆ ಕಳೆದು, ಐದು ಮಾತ್ರೆ, ಮೂರು ಮಾತ್ರೆಗಳ ಲೆಕ್ಕ ಗಟ್ಟಿಯಾಗುತ್ತದೆ. ಓಲೆಗರಿಯ ಮೇಲೆ ಹೀಗಾಯಿತು. ಬೀಸುಕಲ್ಲಿನ ಮುಂದೆ ಹಾಡುವ ಹೆಂಗಸರ ಬಾಯಲ್ಲಿ ಏನಾಯಿತು?

ಇದನ್ನು ಹುಡುಕಬೇಕೆಂದರೆ ಊರೂರು ತಿರುಗಬೇಕು, ಧ್ವನಿಮುದ್ರಿಸಬೇಕು, ಕೂತು ಒಂದೊಂದೇ ಸಾಲಿನ ಗಣ ಬಿಡಿಸಬೇಕು. ಅತಿಥಿ ಉಪನ್ಯಾಸಕಿಯ ಕೆಲಸದ ನಡುವೆ, ಉಳಿದ ಸಂಜೆಗಳಲ್ಲಿ ಆಗುವಂಥದ್ದಲ್ಲ. ಎರಡು ಮೂರು ವರ್ಷಗಳ ಅಖಂಡ ಕಾಲ ಬೇಕು. ಪಿಎಚ್.ಡಿ. ನಂತರದ ಸಂಶೋಧನೆಗೆ ಸಿಗುವ ಪೋಸ್ಟ್‌ಡಾಕ್ ಎಂದರೆ ನನ್ನ ಮಟ್ಟಿಗೆ ಆ ಕಾಲ.

29 ಜೂನ್, ಭಾನುವಾರ

ಇಡೀ ದಿನ ಪೋಸ್ಟ್‌ಡಾಕ್ ಯೋಜನೆಗಳ ನಿಯಮಾವಳಿ ಓದಿದೆ. ನಮ್ಮ ದೇಶದಲ್ಲಿ ಕಾವ್ಯದವರಿಗೆ ತೆರೆದ ಬಾಗಿಲು ಕಡಿಮೆ, ಆದರೆ ಇವೆ.

ಯುಜಿಸಿ 2022ರ ಶಿಕ್ಷಕರ ದಿನದಂದು ಪ್ರಕಟಿಸಿದ ಡಾ. ರಾಧಾಕೃಷ್ಣನ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ದೊಡ್ಡದು: 900 ಸ್ಥಾನ, ತಿಂಗಳಿಗೆ 50,000 ರೂಪಾಯಿ. ವಿಜ್ಞಾನ, ತಂತ್ರಜ್ಞಾನ, ಮಾನವಿಕ, ಸಮಾಜ ವಿಜ್ಞಾನ ಎಲ್ಲಕ್ಕೂ ಸೇರಿದ ಸಂಖ್ಯೆ ಅದು. ಭಾಷೆಗಳ ಹೆಸರೂ ಅದರಲ್ಲಿದೆ ಎಂಬುದೇ ನನಗೆ ಧೈರ್ಯ. ಇನ್ನೊಂದು, 1969ರಲ್ಲಿ ಹುಟ್ಟಿದ ಐಸಿಎಸ್ಎಸ್ಆರ್. ಅದು ಸಮಾಜ ವಿಜ್ಞಾನದ ಮಂಡಳಿ. ಛಂದಸ್ಸನ್ನು ಹಿಡಿದು ಅಲ್ಲಿಗೆ ಹೋಗುವುದು ಸುಲಭವಲ್ಲ.

ಮೂರನೆಯದು ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ. ವೈಸ್‌ರಾಯ್‌ಗಾಗಿ 1888ರಲ್ಲಿ ಕಟ್ಟಿದ ಬಂಗಲೆಯನ್ನು ವಿದ್ವಾಂಸರಿಗೆ ಬಿಟ್ಟುಕೊಟ್ಟವರು ರಾಧಾಕೃಷ್ಣನ್. ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವರು, ರಾಷ್ಟ್ರಪತಿಯಾಗಿ 1965ರಲ್ಲಿ ಈ ಸಂಸ್ಥೆಯನ್ನು ಉದ್ಘಾಟಿಸಿದರು. ಗೋಪಾಲಕೃಷ್ಣ ಅಡಿಗರು ಅಲ್ಲಿ ಫೆಲೋ ಆಗಿದ್ದರು, ಡಿ.ಆರ್. ನಾಗರಾಜ್ ಕೂಡ. ಅಲ್ಲೇ ವಾಸವಿದ್ದು ಓದಬೇಕು, ಬರೆಯಬೇಕು, ಕೊನೆಗೆ ಪುಸ್ತಕದ ಹಸ್ತಪ್ರತಿ ಒಪ್ಪಿಸಬೇಕು. ಕಾವ್ಯದ ವಿದ್ಯಾರ್ಥಿಯ ಮೇಲೆ ಇಷ್ಟು ವಿಶ್ವಾಸವಿಡುವ ಜಾಗ ಇದೆ ಎಂದು ತಿಳಿದೇ ಮನಸ್ಸು ತುಂಬಿತು. ನನ್ನ ಹಾಡುಗಾರ್ತಿಯರು ಮಾತ್ರ ಶಿಮ್ಲಾದಲ್ಲಿಲ್ಲ, ಇಂಡಿ ತಾಲ್ಲೂಕಿನ ಕಡೆ ಇದ್ದಾರೆ. ಕ್ಷೇತ್ರಕಾರ್ಯ ಮುಗಿಸಿ, ಬರೆಯುವ ಹಂತಕ್ಕೆ ಬಂದಾಗ ಅಲ್ಲಿಗೆ ಅರ್ಜಿ ಹಾಕುವೆ.

13 ಜುಲೈ, ಭಾನುವಾರ

ಸಮಾಜಶಾಸ್ತ್ರದ ಗೆಳತಿ ಮನೆಗೆ ಬಂದಿದ್ದಳು. ನನ್ನ ಟಿಪ್ಪಣಿ ಓದಿ ಅಂದಳು: “ಛಂದಸ್ಸು ಅಂತ ಬರೀಬ್ಯಾಡ. ಹೆಣ್ಮಕ್ಕಳ ದುಡಿಮಿ, ಸ್ಮೃತಿ, ಲಿಂಗತ್ವ ಅಂತ ಬರಿ. ಹಾಡು ಅವೇ, ಹೆಸರಷ್ಟ ಬ್ಯಾರೆ.”

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಅವಳು ಹೋದ ಮೇಲೂ ಬಹಳ ಹೊತ್ತು ಯೋಚಿಸಿದೆ. ದುಡಿಮೆ ಈ ಹಾಡುಗಳ ಒಳಗಿದೆ, ನಿಜ. ನಸುಕಿನಲ್ಲಿ ಎದ್ದು ಜೋಳ ಬೀಸಿದ ಹೆಂಗಸರೇ ಇವನ್ನು ಕಟ್ಟಿದವರು, ಕಾಯ್ದವರು. ಆದರೆ ಆ ಹೆಂಗಸರು ಕಟ್ಟಿದ್ದು ಕಾವ್ಯವನ್ನು. ತವರು, ಅಣ್ಣ, ಗಂಡ, ಕೂಸು ಎಲ್ಲವನ್ನೂ ಹನ್ನೊಂದು ಗಣದೊಳಗೆ ಕೂರಿಸುವ ಕೌಶಲ ಅವರದು. ಅದನ್ನು ಬಿಟ್ಟು ಹಾಡಿನ ವಿಷಯವನ್ನಷ್ಟೇ ಎತ್ತಿಕೊಂಡರೆ ಅವರನ್ನು ಸಂಕಟದ ಸಾಕ್ಷಿಗಳನ್ನಾಗಿ ಮಾತ್ರ ಕಂಡಂತಾಗುತ್ತದೆ. ಅವರು ಕವಿಗಳು. ಪಂಪನ ವೃತ್ತ, ಕುಮಾರವ್ಯಾಸನ ಷಟ್ಪದಿಗೆ ಕೊಡುವ ಗಮನವನ್ನು ಅವರ ಸಾಲಿಗೂ ಕೊಡಬೇಕು.

ನಿರ್ಧರಿಸಿದೆ: ಅರ್ಜಿಯ ಮೊದಲ ವಾಕ್ಯದಲ್ಲೇ ಛಂದಸ್ಸು ಇರಬೇಕು.

3 ಆಗಸ್ಟ್, ಭಾನುವಾರ, ಇಂಡಿ ತಾಲ್ಲೂಕು

ನಿನ್ನೆ ಬಂದೆ. ಹಲಸಂಗಿ ಇಲ್ಲಿಂದ ದೂರವಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಇದೇ ಸೀಮೆಯಲ್ಲಿ ತಿರುಗಿ ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅವರಿಗೆ ಫೆಲೋಶಿಪ್ ಇರಲಿಲ್ಲ, ಧ್ವನಿಮುದ್ರಣ ಯಂತ್ರವೂ ಇರಲಿಲ್ಲ. ಮಾತು ಉಳಿಸಿಕೊಟ್ಟರು. ಅದರ ದಾಟಿ, ಎಳೆತ, ಉಸಿರು ಕಾಗದಕ್ಕೆ ಇಳಿಯುವಂಥವಲ್ಲ. ಅವನ್ನು ಈಗ ಹಿಡಿಯಬೇಕು.

ಮುದುಕಿಯೊಬ್ಬರ ಮುಂದೆ ಫೋನಿಟ್ಟು “ಅವ್ವಾ, ಒಂದು ಬೀಸೂ ಪದ ಅನ್ರಿ” ಎಂದೆ. ಅವರು ತಲೆ ಅಲ್ಲಾಡಿಸಿದರು: “ಕಲ್ಲಿಲ್ಲದ ಹಾಡು ಹ್ಯಾಂಗ ಬರತೈತಿ ಯವ್ವಾ?” ಗಿರಣಿ ಬಂದ ಮೇಲೆ ಹಿತ್ತಿಲು ಸೇರಿದ್ದ ಕಲ್ಲನ್ನು ಮೊಮ್ಮಗ ತೊಳೆದು ತಂದಿಟ್ಟ. ಒಂದು ಹಿಡಿ ಜೋಳ ಹಾಕಿ ಗೂಟ ಹಿಡಿದದ್ದೇ ತಡ, ಪದ ಬಂತು. ಎದುರಿಗೆ ಕೂತ ನೆರೆಮನೆಯ ಹೆಂಗಸೂ ದನಿಗೂಡಿಸಿದರು.

ರಾತ್ರಿ ಕೂತು ಕೇಳಿದೆ. ಎರಡನೆಯ ಸಾಲು ತಿರುಗಿ ಬರುತ್ತದೆ. ಹಾಗಾಗಿ ಬರಹದ ಮೂರು ಸಾಲು ಕಿವಿಗೆ ನಾಲ್ಕಾಗುತ್ತದೆ. ಬರಹದಲ್ಲಿ ಕುಗ್ಗಿ ಕಂಡ ಗಣವನ್ನು ಅವರು ಸ್ವರ ಎಳೆದು ತುಂಬಿಸುತ್ತಾರೆ, ಹಿಗ್ಗಿದ್ದನ್ನು ಬಿರುಸಾಗಿ ದಾಟುತ್ತಾರೆ. ಕಲ್ಲಿನ ಸುತ್ತು ಮಾತ್ರ ಬದಲಾಗುವುದಿಲ್ಲ. ಲೆಕ್ಕ ಇಟ್ಟುಕೊಳ್ಳುವುದು ಕೈ. ನಾಲಿಗೆಗೆ ಅದರೊಳಗೆ ಓಡಾಡುವ ಸ್ವಾತಂತ್ರ್ಯ. ಅಂಶಗಣ ಏಕೆ ಇಷ್ಟು ಕಾಲ ಬದುಕಿತು ಎಂಬುದಕ್ಕೆ ಇದೊಂದು ಕಾರಣ ಇರಬಹುದೆಂದು ನನಗೆ ಬಲವಾಗಿ ಅನ್ನಿಸಿದೆ. ಒಂದು ಮನೆಯ ಮುದ್ರಿಕೆಯಿಂದ ಸಿದ್ಧಾಂತ ಕಟ್ಟಲಾಗದು. ನೂರಾರು ಪದ ಬೇಕು, ಬೇರೆ ಬೇರೆ ಸೀಮೆಯವು ಬೇಕು.

ಕಲ್ಲಿನ ಮುಂದೆ ಕೂತು ಹಾಡಿದವರಿಗೆಲ್ಲ ವಯಸ್ಸಾಗಿದೆ. ಈ ಸಂಶೋಧನೆ ಈಗಲೇ ಏಕೆ ಎಂಬ ಅರ್ಜಿಯ ಪ್ರಶ್ನೆಗೆ ಇನ್ನೊಂದು ಉತ್ತರ ಬೇಕಿಲ್ಲ.

24 ಆಗಸ್ಟ್, ಭಾನುವಾರ, ಧಾರವಾಡ

ಯುರೋಪಿಯನ್ ಒಕ್ಕೂಟದ ಮರೀ ಸ್ಕ್ಲೊಡೊವ್ಸ್ಕಾ ಕ್ಯೂರಿ ಫೆಲೋಶಿಪ್ಪಿಗೆ ಅರ್ಜಿ ಸಿದ್ಧವಾಗುತ್ತಿದೆ. ಜರ್ಮನಿಯ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕರು ನನ್ನ ಜೊತೆ ಕೆಲಸ ಮಾಡಲು ಒಪ್ಪಿದ್ದಾರೆ. ವಿಜ್ಞಾನಿಯ ಹೆಸರಿದ್ದರೂ ಇದು ಎಲ್ಲ ವಿಷಯಕ್ಕೂ ತೆರೆದದ್ದು. ಪಿಎಚ್.ಡಿ. ಆಗಿ ಎಂಟು ವರ್ಷದೊಳಗಿರಬೇಕು. ಹೋಗುವ ದೇಶದಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಯೋಜನೆಯ ವಿವರಣೆಗೆ ಹತ್ತು ಪುಟ. ನೂರಕ್ಕೆ ಐವತ್ತು ಅಂಕ ಸಂಶೋಧನೆಯ ಗುಣಕ್ಕೆ, ಮೂವತ್ತು ಪರಿಣಾಮಕ್ಕೆ, ಇಪ್ಪತ್ತು ಕೆಲಸ ನಡೆಸುವ ಬಗೆಗೆ.

ಜರ್ಮನಿ ಏಕೆ ಎಂದು ವಿವರಿಸುವಾಗ ಕಿಟೆಲ್ ನೆನಪಾದರು. ನಾವು ಅವರನ್ನು 1894ರ ನಿಘಂಟಿಗಾಗಿ ನೆನೆಯುತ್ತೇವೆ. ಅದಕ್ಕೂ ಮುಂಚೆ, 1875ರಲ್ಲಿ, ಅವರು ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಇಂದು ಜರ್ಮನಿಯ ವೂರ್ತ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಾರೆ. ಕನ್ನಡ ಕಾವ್ಯಕ್ಕೆ ಹೊರಗೆ ಓದುಗರೂ ಇದ್ದಾರೆ: ವನಮಾಲಾ ವಿಶ್ವನಾಥ ಅವರು ಅನುವಾದಿಸಿದ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ 2017ರಲ್ಲಿ ಮೂರ್ತಿ ಗ್ರಂಥಮಾಲೆಯಲ್ಲಿ ಬಂತು, ಮರುವರ್ಷ ಹರಿಹರನ ರಗಳೆಗಳ ಮೇಲೆ ಗಿಲ್ ಬೆನ್-ಹೆರುಟ್ ಅವರ ಇಡೀ ಪುಸ್ತಕ ಆಕ್ಸ್‌ಫರ್ಡ್‌ನಿಂದ ಹೊರಬಂತು.

ಕಷ್ಟವಾದದ್ದು ಪರಿಣಾಮದ ಭಾಗ. ಈ ಕೆಲಸದಿಂದ ಲೋಕಕ್ಕೇನು ಲಾಭ? ಪ್ರವಾಸೋದ್ಯಮ, ಆ್ಯಪು ಅಂತ ಏನಾದರೂ ಸೇರಿಸೆಂದು ಸಲಹೆ ಬಂತು. ನಾನು ಬರೆದದ್ದು ಇಷ್ಟು: ಯಾರು ಬೇಕಾದರೂ ಕೇಳಬಹುದಾದ ಧ್ವನಿ ಭಂಡಾರ, ಹಾಡಿದವರ ಒಪ್ಪಿಗೆಯಿಂದ ಅವರ ಹೆಸರು, ಬರಹದ ಛಂದಸ್ಸನ್ನೂ ಬಾಯಿಮಾತಿನ ಛಂದಸ್ಸನ್ನೂ ಒಟ್ಟಿಗೆ ಓದುವ ವಿಧಾನ. ಓದುಬರಹ ಬಾರದವರು ಇಷ್ಟು ಸೂಕ್ಷ್ಮವಾದ ಲೆಕ್ಕವನ್ನು ತಲೆಮಾರುಗಳ ಕಾಲ ಹೇಗೆ ಕಾಯ್ದರು ಎಂದು ತಿಳಿದರೆ, ಮನುಷ್ಯರ ಕಲಿಕೆಯ ಬಗ್ಗೆಯೇ ನಮ್ಮ ತಿಳಿವಳಿಕೆ ಬೆಳೆಯುತ್ತದೆ. ಬರೆದ ಪ್ರತಿ ಮಾತನ್ನೂ ನಂಬಿದ್ದೇನೆ.

10 ಸೆಪ್ಟೆಂಬರ್, ಬುಧವಾರ

ಇವತ್ತು ಯುರೋಪಿನ ಅರ್ಜಿಗೆ ಕೊನೆಯ ದಿನ. ಬ್ರಸೆಲ್ಸ್‌ನ ಸಂಜೆ ಐದು ಎಂದರೆ ನಮಗೆ ರಾತ್ರಿ ಎಂಟೂವರೆ. ಮಧ್ಯಾಹ್ನವೇ ಸಲ್ಲಿಸಿಯಾಯಿತು. ಕಳೆದ ಸುತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅರ್ಜಿ ಬಂದು, ಆಯ್ಕೆಯಾದವರು ಸುಮಾರು 1,700. ಯುಜಿಸಿ ಅರ್ಜಿಗೂ ಇದೇ ಯೋಜನೆಯನ್ನು ಮೂರು ವರ್ಷದ ಲೆಕ್ಕಕ್ಕೆ ಹೊಂದಿಸಿ ಇಟ್ಟುಕೊಂಡಿದ್ದೇನೆ.

5 ಅಕ್ಟೋಬರ್, ಭಾನುವಾರ, ಬಾದಾಮಿ

ಈ ಸಲ ಯುರೋಪಿನ ಅರ್ಜಿಗಳ ಸಂಖ್ಯೆ 17,000 ದಾಟಿದೆ. ಪಿಎಚ್.ಡಿ. ಮುಗಿಸಿ ಕಾಲಕ್ಕಾಗಿ ಕಾಯುವವರು ಜಗತ್ತಿನಲ್ಲಿ ಇಷ್ಟು ಜನ!

ವಿದ್ಯಾರ್ಥಿಗಳನ್ನು ಕಪ್ಪೆ ಅರಭಟ್ಟನ ಶಾಸನದ ಬಳಿಗೆ ಕರೆದುಕೊಂಡು ಹೋದೆ. ಸುಮಾರು ಕ್ರಿ.ಶ. 700ರದ್ದು, ಕೆರೆಯ ಮೇಲಿನ ಬಂಡೆಯಲ್ಲಿ ಹತ್ತು ಸಾಲು, ಐದು ಪದ್ಯ. ಅವುಗಳಲ್ಲಿ ಮೂರು ತ್ರಿಪದಿ. ಇಂಡಿಯ ಮುದ್ರಿಕೆಯನ್ನು ಅಲ್ಲೇ ಕೇಳಿಸಿದೆ. ಒಬ್ಬ ಹುಡುಗಿ ಶಾಸನದ ಸಾಲನ್ನು ಆ ದಾಟಿಯಲ್ಲಿ ಹಾಡಲು ನೋಡಿದಳು. ಪೂರ್ತಿ ಹೊಂದಲಿಲ್ಲ, ಆದರೆ ಎಲ್ಲಿ ಹೊಂದಲಿಲ್ಲ ಎಂದು ಹುಡುಗರು ತಾವೇ ಬೆರಳು ಮಡಿಸಿ ಹುಡುಕಿದರು. “ಮೇಡಂ, ಆರನೇ ಗಣದಾಗ ತಪ್ಪತೈತ್ರಿ!” ಸಂಶೋಧನೆ ಶುರುವಾಗುವುದು ಹೀಗೆಯೇ. ಇವರಲ್ಲಿ ಒಬ್ಬರಾದರೂ ಮುಂದೆ ಇದನ್ನೇ ಹಿಡಿಯಬಹುದು. ಅಂದು ಅವರಿಗೆ ಎಲ್ಲಿ ಜಾಗ?

1 ನವೆಂಬರ್, ಶನಿವಾರ, ಧಾರವಾಡ

ಬೆಳಿಗ್ಗೆ ಕಾಲೇಜಿನಲ್ಲಿ ರಾಜ್ಯೋತ್ಸವದ ಧ್ವಜಾರೋಹಣ. ಮಧ್ಯಾಹ್ನ ಮನೆಗೆ ಬಂದು, ಕನ್ನಡ ಕಾವ್ಯಕ್ಕೆ ಇಲ್ಲೇ ಫೆಲೋಶಿಪ್ ಕೋರಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಮನವಿಯೊಂದರ ಕರಡು ಬರೆದೆ.

ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾಕ್ಕೆ ಹೋದರು. 1973ರಲ್ಲಿ ಅವರ ವಚನಾನುವಾದ ಬಂದ ಮೇಲೆ ಜಗತ್ತು ಬಸವಣ್ಣನನ್ನೂ ಅಕ್ಕನನ್ನೂ ಹೊಸದಾಗಿ ಓದಿತು. ಸಮರ್ಥರಿಗೆ ಕಾಲ, ಗ್ರಂಥಾಲಯ, ಸಹೃದಯ ಸಂಗ ಸಿಕ್ಕರೆ ಒಂದು ಭಾಷೆಯ ಕಾವ್ಯ ಎಲ್ಲಿಗೆ ತಲುಪುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹೊರಗೆ ಹೋಗುವ ದಾರಿ ತೆರೆದಿರಲಿ. ಫಲಿತಾಂಶ ಅನುಕೂಲವಾದರೆ ನಾನೂ ಸಂತೋಷದಿಂದ ಹೋಗುತ್ತೇನೆ. ಆದರೆ ಇಂಡಿಯ ಅವ್ವಂದಿರು ಇಲ್ಲಿದ್ದಾರೆ, ಓಲೆಗರಿಯ ಕಟ್ಟುಗಳು ಇಲ್ಲಿವೆ, ಶಾಸನದ ಬಂಡೆ ಇಲ್ಲಿದೆ. 2008ರಲ್ಲಿ ಶಾಸ್ತ್ರೀಯ ಸ್ಥಾನ ಪಡೆದ ಭಾಷೆಯ ಕಾವ್ಯಕ್ಕೆ ಅದರದ್ದೇ ನಾಡಿನಲ್ಲಿ ಒಂದು ಪೋಸ್ಟ್‌ಡಾಕ್ಟರಲ್ ನೆಲೆ ಬೇಕು.

ಕರಡಿನಲ್ಲಿ ಕೇಳಿರುವುದು: ಮೂರು ವರ್ಷದ ಫೆಲೋಶಿಪ್, ಪ್ರತಿ ತಿಂಗಳು ತಪ್ಪದೆ ಕೈಸೇರುವ ಜೀವನ ಭತ್ಯೆ, ಕ್ಷೇತ್ರಕಾರ್ಯಕ್ಕೆ ಬೇರೆ ಹಣ, ಹಾಡಿದವರಿಗೆ ಗೌರವಧನ, ಅರ್ಜಿಯಿಂದ ವರದಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಬರೆಯುವ ಅವಕಾಶ, ಮುದ್ರಿಕೆಗಳು ಸಾರ್ವಜನಿಕ ಭಂಡಾರಕ್ಕೆ. ವರ್ಷಕ್ಕೆ ಹತ್ತು ಜನರಿಂದ ಶುರುವಾದರೂ ಸಾಕು.

ನಮ್ಮ ವಿಶ್ವವಿದ್ಯಾಲಯಗಳು ವರ್ಷವರ್ಷವೂ ಕನ್ನಡದಲ್ಲಿ ಪಿಎಚ್.ಡಿ. ಪದವಿ ಕೊಡುತ್ತವೆ. ಪದವಿಗಾಗಿ ಬರೆಯುವಾಗ ಗುರುಗಳು ತೋರಿದ ದಾರಿಯಲ್ಲಿ ನಡೆದಿರುತ್ತೇವೆ; ತನ್ನದೇ ಪ್ರಶ್ನೆಯ ಹಿಂದೆ ಹೊರಡುವ ಶಕ್ತಿ ಬರುವುದು ಅದಾದ ಮೇಲೆ. ಆ ಶಕ್ತಿ ಬಂದ ಹೊತ್ತಿಗೇ ಕೈಬಿಟ್ಟರೆ ಅಲ್ಲಿಯತನಕ ಕೊಟ್ಟ ಶಿಕ್ಷಣವೆಲ್ಲ ಅರ್ಧಕ್ಕೆ ನಿಲ್ಲುತ್ತದೆ. ಸಹಿ ಹಾಕಲು ಗೆಳತಿಯೂ ಇನ್ನಿಬ್ಬರು ಸಹೋದ್ಯೋಗಿಗಳೂ ಒಪ್ಪಿದ್ದಾರೆ. ಸೋಮವಾರ ಮನವಿ ಕಳಿಸುತ್ತೇವೆ.