ಪಾಳುಮನೆಯ ನಿಧಿ

ಮಲೆನಾಡಿನಲ್ಲಿರುವ ನಮ್ಮ ಹಿರಿಯರ ಮನೆಯಲ್ಲಿ ಈಗ ಯಾರೂ ವಾಸವಾಗಿಲ್ಲ. ಅಣ್ಣನು ಕಾಲವಾದ ಮೇಲೆ ಬಾಗಿಲಿಗೆ ಬೀಗ ಬಿದ್ದಿತು. ನಾಲ್ಕು ಮಳೆಗಾಲಗಳಲ್ಲಿ ಮಾಡು ಕುಸಿಯಿತು. ಕಳೆದ ವರ್ಷ ಚಳಿಗಾಲದಲ್ಲಿ ಅಲ್ಲಿಗೆ ಹೋದಾಗ ದೇವರ ಕೋಣೆಯ ನೆಲದಲ್ಲಿ ಎದೆಯಾಳದ ಗುಂಡಿಯೊಂದನ್ನು ಕಂಡೆನು. ನಿಧಿಯ ಆಸೆಯಿಂದ ಯಾರೋ ರಾತ್ರಿಯ ವೇಳೆ ಅಗೆದಿದ್ದರು. ಅಂಚಿನಲ್ಲಿ ಕುಂಕುಮ ಬಳಿದ ನಿಂಬೆಹಣ್ಣುಗಳು ಒಣಗಿ ಬಿದ್ದಿದ್ದುವು. ನಮ್ಮ ತಾಯಿಯವರು ಐವತ್ತು ವರ್ಷಕಾಲ ಸಾರಿಸಿ ರಂಗವಲ್ಲಿಯಿಟ್ಟ ನೆಲವದು. ಅದನ್ನು ಮುಚ್ಚಿಸುವುದಕ್ಕೂ ಮನಸ್ಸು ಬಾರದೆ ಹಿಂದಿರುಗಿದೆನು.

ಆ ಮೇ ತಿಂಗಳಿನಲ್ಲಿ ನಾನೂ ನನ್ನ ಗೃಹಿಣಿಯೂ ಅಮೆರಿಕಾ ಸಂಯುಕ್ತ ಸಂಸ್ಥಾನದ ನೆಬ್ರಾಸ್ಕಾ ಪ್ರಾಂತಕ್ಕೆ, ಮಗನಿದ್ದಲ್ಲಿಗೆ ಹೋದೆವು. ಲಿಂಕನ್ ಪಟ್ಟಣದಲ್ಲಿ ಅವನ ನೆರೆಮನೆಯವರು ನನ್ನಂತೆಯೇ ವಿಶ್ರಾಂತಿ ಪಡೆದ ಉಪಾಧ್ಯಾಯರು. ಪಾಳುಬಿದ್ದ ಒಕ್ಕಲುಮನೆಗಳ ನೆಲವನ್ನು ಲೋಹಶೋಧಕ ಯಂತ್ರದಿಂದ ಪರೀಕ್ಷಿಸಿ, ಹೂತುಹೋದ ಹಳೆಯ ವಸ್ತುಗಳನ್ನು ಹೊರತೆಗೆಯುವುದು ಅವರ ಹವ್ಯಾಸ. ನನ್ನನ್ನೂ ಬರುವಂತೆ ಕರೆದರು. “ಇನ್ನೊಬ್ಬರ ಮನೆಯ ನೆಲವನ್ನು ಅಗೆಯುವ ಕಾರ್ಯಕ್ಕೆ ನಾನು ಬರಲಾರೆ” ಎಂದು ಮಗನಿಗೆ ಹೇಳಿದೆನು. “ಅಪ್ಪಯ್ಯ, ಒಮ್ಮೆ ನೋಡಿ, ಆಮೇಲೆ ಹೇಳಿ” ಎಂದು ಅವನು ಒತ್ತಾಯಪಡಿಸಿದನು.

ಲಿಂಕನ್ನಿನಿಂದ ದಕ್ಷಿಣಕ್ಕೆ ಸುಮಾರು ನಲವತ್ತು ಮೈಲಿಗಳ ದೂರದಲ್ಲಿ ಬಿಆಟ್ರಿಸ್ ಎಂಬ ಊರಿದೆ. ದಾರಿಯ ಇಕ್ಕೆಲಗಳಲ್ಲಿಯೂ ಕಣ್ಣು ಹಾಯುವಷ್ಟು ದೂರ ಹೊಲಗಳು. ೧೮೬೨ರಲ್ಲಿ ಅಧ್ಯಕ್ಷ ಲಿಂಕನ್ನರು ಅಂಗೀಕಾರದ ಸಹಿ ಹಾಕಿದ ಶಾಸನವೊಂದರ ಮೂಲಕ, ಐದು ವರ್ಷ ನೆಲಸಿ ಸಾಗುವಳಿ ಮಾಡಿದವನಿಗೆ ೧೬೦ ಎಕರೆ ಭೂಮಿಯು ಅಲ್ಪ ಶುಲ್ಕಕ್ಕೆ ಸ್ವಂತವಾಗುತ್ತಿತ್ತು. ಆ ಶಾಸನವು ಜಾರಿಗೆ ಬಂದ ೧೮೬೩ರ ಜನವರಿ ೧ರಂದೇ ಅರ್ಜಿ ಸಲ್ಲಿಸಿದ ಡೇನಿಯಲ್ ಫ್ರೀಮನ್ ಎಂಬವರ ಜಮೀನು ಬಿಆಟ್ರಿಸ್ಸಿನ ಬಳಿಯಲ್ಲಿಯೇ ಇದ್ದು, ಈಗ ರಾಷ್ಟ್ರೀಯ ಸ್ಮಾರಕ ಉದ್ಯಾನವಾಗಿದೆ. ಅದರೊಳಗೆ ಲೋಹಶೋಧಕವನ್ನು ಬಳಸುವುದು ನಿಷಿದ್ಧ. ಈ ಶಾಸನದಂತೆ ಒಟ್ಟು ಸುಮಾರು ೨೭ ಕೋಟಿ ಎಕರೆ ಭೂಮಿಯು ಒಕ್ಕಲುಗಳಿಗೆ ಸೇರಿತು. ಅದಕ್ಕೂ ಮುಂಚೆ ಅದು ಯಾರದಾಗಿತ್ತು? ಈ ಸೀಮೆಯಲ್ಲಿ ಪಾನೀ, ಓಟೋ ಮೊದಲಾದ ಮೂಲನಿವಾಸಿಗಳು ಬಾಳುತ್ತಿದ್ದರು. ಅವರನ್ನು ದಕ್ಷಿಣದ ಓಕ್ಲಹೋಮಾ ಪ್ರದೇಶಕ್ಕೆ ಸಾಗಿಸಲಾಯಿತು. ಪಾಳುಬಿದ್ದ ಮನೆಯ ಕೆಳಗೆ ಅದಕ್ಕಿಂತ ಹಳೆಯ ಪಾಳೊಂದು ಇರುವುದೆಂಬುದನ್ನು ಮರೆಯಲಾಗದು.

ನಾವು ಹೋದ ಸ್ಥಳದಲ್ಲಿ ಮನೆಯೆಂಬುದು ಉಳಿದಿರಲಿಲ್ಲ. ಸುಣ್ಣಕಲ್ಲಿನ ತಳಪಾಯ, ಬಾಯಿ ಮುಚ್ಚಿದ ಬಾವಿ, ರೆಕ್ಕೆ ಮುರಿದ ಗಾಳಿಯಂತ್ರದ ಕಬ್ಬಿಣದ ಕಂಬ, ಇಷ್ಟೆ. ಆದರೆ ಒಂದು ಮೂಲೆಯಲ್ಲಿ ಲೈಲಾಕ್ ಎಂಬ ಪೊದೆಯು ನೇರಳೆಬಣ್ಣದ ಹೂಗಳಿಂದ ತುಂಬಿ ಪರಿಮಳಿಸುತ್ತಿತ್ತು. “ಮನೆ ಹೋದರೂ ಗೃಹಿಣಿ ನೆಟ್ಟ ಗಿಡ ಹೋಗುವುದಿಲ್ಲ. ಹೂವನ್ನು ನೋಡಿಯೇ ನಾವು ಮನೆಗಳ ಗುರುತು ಹಿಡಿಯುತ್ತೇವೆ” ಎಂದರು ಉಪಾಧ್ಯಾಯರು. ನಮ್ಮ ಊರಿನ ಹಾಳುಹಿತ್ತಿಲುಗಳಲ್ಲಿ ದಾಸವಾಳವೂ ನಂದಿಬಟ್ಟಲೂ ಹೀಗೆಯೇ ಉಳಿಯುತ್ತವಲ್ಲವೆ!

ಯಂತ್ರದ ತತ್ತ್ವವು ಸರಳವಾದುದು. ಕೋಲಿನ ತುದಿಯಲ್ಲಿ ತಟ್ಟೆಯಂತಹ ತಂತಿಯ ಸುರುಳಿಯಿದೆ. ಅದರಲ್ಲಿ ವಿದ್ಯುತ್ತು ಹರಿದಾಗ ಕೆಳಗಿನ ಮಣ್ಣಿನಲ್ಲಿ ಅಯಸ್ಕಾಂತಶಕ್ತಿಯು ಕ್ಷಣಕ್ಷಣಕ್ಕೂ ಏರಿಳಿಯುವುದು. ಅಲ್ಲಿ ಲೋಹವಿದ್ದಲ್ಲಿ ಅದರೊಳಗೂ ಸಣ್ಣ ವಿದ್ಯುತ್ಪ್ರವಾಹವು ಹುಟ್ಟಿ ಪ್ರತಿಸ್ಪಂದಿಸುವುದು. ಅದು ಕಿವಿಗೆ ಧ್ವನಿಯಾಗಿ ಕೇಳಿಸುವುದು. ಕಬ್ಬಿಣಕ್ಕೆ ತಗ್ಗಿದ ದನಿ, ತಾಮ್ರ ಬೆಳ್ಳಿಗಳಿಗೆ ಎತ್ತರದ ದನಿ. ೧೮೮೧ರಲ್ಲಿ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಸಿಕ್ಕಿಕೊಂಡ ಗುಂಡನ್ನು ಹುಡುಕಲು ಟೆಲಿಫೋನು ಖ್ಯಾತಿಯ ಗ್ರಹಾಂ ಬೆಲ್ಲರು ಇಂತಹ ಉಪಕರಣವನ್ನೇ ಪ್ರಯೋಗಿಸಿ ವಿಫಲರಾದರು.

ದನಿ ಬಂದೆಡೆಯಲ್ಲಿ ಉಪಾಧ್ಯಾಯರು ಹುಲ್ಲುನೆಲವನ್ನು ಮೂರು ಕಡೆ ಕೊಯ್ದು, ಕದದಂತೆ ತೆರೆದು, ವಸ್ತುವನ್ನು ತೆಗೆದು, ಮಣ್ಣು ತುಂಬಿ, ಪುನಃ ಕದವನ್ನು ಮುಚ್ಚಿ ಕಾಲಿನಿಂದ ಒತ್ತುತ್ತಿದ್ದರು. ಅಗೆದ ಗುರುತೇ ಉಳಿಯುತ್ತಿರಲಿಲ್ಲ. ಸಿಕ್ಕಿದ್ದಾದರೂ ಏನು? ಬಹುಪಾಲು ಮೊಳೆಗಳು! ನಾನು ನಕ್ಕೆನು. ಅವರು ನಗಲಿಲ್ಲ. ಮುಂಭಾಗದವು ಚಪ್ಪಟೆಯಾದ ಕತ್ತರಿಸಿದ ಮೊಳೆಗಳು, ಹಿಂಭಾಗದವು ದುಂಡನೆಯ ತಂತಿಯ ಮೊಳೆಗಳು. ೧೮೯೦ರ ಸುಮಾರಿಗೆ ತಂತಿಯ ಮೊಳೆಗಳ ಬಳಕೆ ಹೆಚ್ಚಿತಾದುದರಿಂದ, ಹಿಂದಿನ ಕೋಣೆಯನ್ನು ಆಮೇಲೆ ಕಟ್ಟಿರಬೇಕೆಂದು ಅವರು ಊಹಿಸಿದರು. ಸಂಸಾರ ಬೆಳೆದುದನ್ನು ಮೊಳೆಯೇ ಹೇಳಿತು. ಹಣ್ಣುಕಾಯಿಗಳನ್ನು ಚಳಿಗಾಲಕ್ಕೆ ಕೂಡಿಡುವ ಗಾಜಿನ ಭರಣಿಯ ಸತುವಿನ ಮುಚ್ಚಳವೊಂದು ದೊರೆಯಿತು. ಆ ಬಗೆಯ ತಿರುಪಿನ ಭರಣಿಗೆ ಮೇಸನ್ ಎಂಬವರು ೧೮೫೮ರಲ್ಲಿ ಹಕ್ಕುಪತ್ರ ಪಡೆದಿದ್ದರು. ಅದನ್ನು ಹಿಡಿದಾಗ ನಮ್ಮ ತಾಯಿಯವರ ಉಪ್ಪಿನಕಾಯಿಯ ಭರಣಿ ಕಣ್ಣಮುಂದೆ ಬಂದಿತು.

ಲೈಲಾಕಿನ ಬುಡದ ಬಳಿ ಎತ್ತರದ ದನಿ ಬಂದಿತು. ನಾನೇ ಕೈಯಿಂದ ಮಣ್ಣು ಸರಿಸಿದೆನು. ಮಗುವಿನ ಸಣ್ಣದೊಂದು ಬೆಳ್ಳಿಯ ಚಮಚ, ಹಿಡಿ ಬಾಗಿತ್ತು. ನೆನಪಿಗಾಗಿ ಊರಿಗೆ ಒಯ್ಯುವ ಆಸೆಯು ನನ್ನಲ್ಲಿ ಹುಟ್ಟಿತೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. “ಮೊದಲು ಒಡತಿಗೆ ತೋರಿಸಬೇಕು” ಎಂದರು ಉಪಾಧ್ಯಾಯರು.

ಒಡತಿಯು ಎಂಬತ್ತು ದಾಟಿದ ವೃದ್ಧೆ. ಬಾಲ್ಯದಲ್ಲಿ ಆ ಮನೆಯಲ್ಲಿ ಬೆಳೆದವರು. ಅಗೆಯಲು ಬರಹದಲ್ಲಿ ಅನುಮತಿಯಿತ್ತವರೂ ಅವರೇ. ಚಮಚವೆಂಬ ಮಾತು ಕಿವಿಗೆ ಬಿದ್ದೊಡನೆ, ಇನ್ನೂ ಕಾಣುವುದಕ್ಕೆ ಮೊದಲೇ, “ಹಿಡಿ ಬಾಗಿದೆಯೆ?” ಎಂದು ಕೇಳಿದರು. ಅದರಿಂದ ಮಣ್ಣು ತೋಡಿ ಆಡುತ್ತಿದ್ದರಂತೆ. ಕಳೆದುದಕ್ಕಾಗಿ ತಾಯಿಯಿಂದ ಪೆಟ್ಟು ತಿಂದಿದ್ದರಂತೆ. ಕಳೆದ ವಸ್ತುವನ್ನು ತನ್ನದೆನ್ನುವವನು ಅದರ ಲಕ್ಷಣವನ್ನು ಹೇಳಬೇಕೆಂಬುದು ನಮ್ಮ ಧರ್ಮಶಾಸ್ತ್ರದ ಕಟ್ಟಳೆ. ಆ ವೃದ್ಧೆ ಅದನ್ನು ಓದದೆಯೇ ನಡೆಸಿದರು. ಚಮಚವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ನನ್ನ ಆಸೆಯು ನನಗೇ ನಾಚಿಕೆಯನ್ನುಂಟುಮಾಡಿತು.

ಕಾರ್ತಿಕದಲ್ಲಿ ಊರಿಗೆ ಮರಳಿ, ಆಳೊಬ್ಬನನ್ನು ಕರೆದುಕೊಂಡು ನಮ್ಮ ಮನೆಗೆ ಹೋದೆನು. ಕರ್ನಾಟಕದಲ್ಲಿ ೧೯೬೨ರ ನಿಧಿ ಶಾಸನವಿದೆ; ಭೂಮಿಯಲ್ಲಿ ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಬೇಕು. ಆ ಗುಂಡಿ ತೋಡಿದವರಿಗೆ ಶಾಸನದ ಭಯವಾಗಲಿ ಮನೆಯವರ ಭಯವಾಗಲಿ ಇರಲಿಲ್ಲ. ಗುಂಡಿಯನ್ನು ತುಂಬಿಸುವಾಗ, ಅವರು ಕೆಲಸಕ್ಕೆ ಬಾರದೆಂದು ಬಿಸುಟಿದ್ದ ವಸ್ತುಗಳು ಮಣ್ಣಿನ ರಾಶಿಯಲ್ಲಿ ಒಂದೊಂದಾಗಿ ಕಂಡುವು: ಬಾಗಿಲಿನ ಎರಡು ತಿರುಗಣಿ, ಅಡಕತ್ತರಿಯ ಅರ್ಧ, ದೀಪದ ಕುಡಿಕೆ, ಹಿತ್ತಾಳೆಯ ಸಣ್ಣದೊಂದು ಬಳೆ. ತೊಳೆದು, ಸಿಕ್ಕಿದ ಸ್ಥಳದೊಡನೆ ಪುಸ್ತಕದಲ್ಲಿ ಬರೆದಿಟ್ಟೆನು. ಕ್ಷೇತ್ರವನ್ನರಿಯದವರಿಗೆ ನಿಧಿ ಕಾಣದೆಂಬ ದೃಷ್ಟಾಂತವು ಛಾಂದೋಗ್ಯೋಪನಿಷತ್ತಿನಲ್ಲಿದೆ. ಅದನ್ನು ಮಕ್ಕಳಿಗೆ ಎಷ್ಟೋ ಸಲ ಪಾಠ ಹೇಳಿದ್ದೆನು.

ಆ ಬಳೆ ಯಾವ ಮಗುವಿನದು? ಹೇಳಬಲ್ಲವರು ತಾಯಿಯವರೂ ಅಕ್ಕನೂ, ಇಬ್ಬರೂ ಇಂದಿಲ್ಲ. ಪುಸ್ತಕದಲ್ಲಿ ಅದರ ಮುಂದಿನ ಸ್ಥಳವು ಬರಿದಾಗಿದೆ. ವಾಚಕರೆ, ನಿಮ್ಮ ಮನೆಗಳಲ್ಲಿ ಹಿರಿಯರಿದ್ದರೆ ಇಂದೇ ಅವರ ಬಳಿ ಕುಳಿತು, ಅಟ್ಟದ ಮೇಲಿನ ಹಳೆಯ ಪಾತ್ರೆಗಳ ಕಥೆಯನ್ನು ಕೇಳಿ ಬರೆದಿಡಿರಿ. ಆ ಕೆಲಸಕ್ಕೆ ಯಂತ್ರವೂ ಬೇಡ, ಗುದ್ದಲಿಯೂ ಬೇಡ.